ಐದು ಸಾವಿರ ಮಂದಿ ಕೊಂಡ ಡಿಸ್ಕ್, ಊರೆಲ್ಲ ನೋಡಿದ ಅನಿಮೆ

(ಮೈಸೂರಿನ ಗೆಳೆಯರ ಓದುಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಎರಡು ಮೂರು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ನಡುವೆ ಕರೆಂಟು ಹೋದಾಗಿನ ಹರಟೆಯನ್ನು ಬಿಟ್ಟಿದ್ದೇನೆ.)

ಮೊದಲು ಈ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ. ಒಳಗಿರುವುದು ಒಂದು ಅನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಡಿಸ್ಕು. ಬಿಚ್ಚಿ ನೋಡಬಹುದು. ಒಳಗಿನ ಪುಸ್ತಿಕೆ, ಕಾಗದಗಳನ್ನು ಮಾತ್ರ ಮತ್ತೆ ಅಲ್ಲೇ ಸೇರಿಸಿಬಿಡಿ.

ಇದನ್ನು 2011ರಲ್ಲಿ ಟೋಕಿಯೊದ ಅಕಿಹಬಾರದಲ್ಲಿ, ಅನಿಮೆ ಅಂಗಡಿಗಳ ಬಡಾವಣೆಯಲ್ಲಿ, ಕೊಂಡೆ. ಆಗ ನಾನು ಕಂಪ್ಯೂಟರ್ ಕೆಲಸದ ಮೇಲೆ ಅಲ್ಲಿದ್ದೆ. ಡಬ್ಬಿಯ ಬೆನ್ನಿಗೆ ಕಾಗದದ ಒಂದು ಪಟ್ಟಿ ಸುತ್ತಿದೆಯಲ್ಲ, ಅದಕ್ಕೆ ಅವರು 'ಓಬಿ' ಅನ್ನುತ್ತಾರೆ. ಕಿಮೊನೊದ ಮೇಲೆ ಕಟ್ಟುವ ನಡುಪಟ್ಟಿಗೂ ಅದೇ ಹೆಸರು. ಅದರ ಮೇಲೆ ಬೆಲೆ ಇದೆ ನೋಡಿ: 7,350 ಯೆನ್. ಏಳು ಸಾವಿರ ಡಿಸ್ಕಿಗೆ, 350 ಆಗಿನ ಶೇಕಡಾ 5ರ ತೆರಿಗೆ. ಆವತ್ತಿನ ಲೆಕ್ಕದಲ್ಲಿ ನಮ್ಮ ನಾಲ್ಕು ಸಾವಿರ ರೂಪಾಯಿಯ ಮೇಲೆ ಚಿಲ್ಲರೆ. ಇಷ್ಟಕ್ಕೆ ಒಳಗಿರುವುದು ಎಷ್ಟು? ಎರಡು ಕಂತು. ಕಂತಿಗೆ ಇಪ್ಪತ್ನಾಲ್ಕು ನಿಮಿಷದ ಹಾಗೆ ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಹನ್ನೆರಡು ಕಂತಿನ ಕತೆ ಪೂರ್ತಿ ಬೇಕು ಅಂದರೆ ಇಂಥ ಆರು ಡಬ್ಬಿ ಕೊಳ್ಳಬೇಕು, ಒಟ್ಟು 44,100 ಯೆನ್.

ಇದನ್ನು ಯಾರು ಕೊಳ್ಳುತ್ತಾರೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಅದೇ ಕತೆ ಟೀವಿಯಲ್ಲಿ ಪುಕ್ಕಟೆ ಬರುತ್ತಿತ್ತು. ಅಲ್ಲಿ ಮನೆಮನೆಯಲ್ಲೂ ಇರುವ ರೆಕಾರ್ಡರಿನ ಹಾರ್ಡ್ ಡಿಸ್ಕಿನಲ್ಲಿ ಹಿಡಿದಿಟ್ಟುಕೊಂಡು, ಜಾಹೀರಾತು ಹಾರಿಸಿ, ಬೇಕಾದಷ್ಟು ಸಲ ನೋಡಬಹುದಿತ್ತು. ಇನ್ನೂ ಸ್ವಲ್ಪ ದಿನ ಕಾದರೆ ಬಾಡಿಗೆ ಅಂಗಡಿಯಲ್ಲಿ ಕೆಲವೇ ನೂರು ಯೆನ್‌ಗೆ ಸಿಗುತ್ತಿತ್ತು. ಅಷ್ಟಾದ ಮೇಲೂ ಏಳು ಸಾವಿರ ಕೊಟ್ಟು ಕೊಳ್ಳುವವರು ಇದ್ದರು. ತುಂಬ ಮಂದಿಯೇನಲ್ಲ, ಐದು ಸಾವಿರ, ಹತ್ತು ಸಾವಿರ. ಒಂದು ಇಡೀ ಉದ್ಯಮ ಸುಮಾರು ಹದಿನೈದು ವರ್ಷ ಇವರ ಹೆಗಲ ಮೇಲೆ ನಿಂತಿತ್ತು.

ಲೆಕ್ಕ ಹಾಕೋಣ. ಐದು ಸಾವಿರ ಮಂದಿ, ಆರು ಡಬ್ಬಿ, ಡಬ್ಬಿಗೆ ಏಳು ಸಾವಿರ. 21 ಕೋಟಿ ಯೆನ್ ಆಯಿತು. ಅಂಗಡಿಯವರು, ಮಧ್ಯದವರು ತಮ್ಮ ಪಾಲು ಹಿಡಿದುಕೊಂಡ ಮೇಲೂ ಹನ್ನೆರಡು ಕಂತು ತಯಾರಿಸಿದ ಖರ್ಚಿನಲ್ಲಿ ದೊಡ್ಡ ಭಾಗ ಇದರಲ್ಲೇ ವಾಪಸ್ಸು ಬರುತ್ತಿತ್ತು. ಆ ದಿನಗಳಲ್ಲಿ ಒಂದು ಕಂತಿಗೆ ಒಂದು ಕೋಟಿ ಯೆನ್‌ಗಿಂತ ಮೇಲೆಯೇ ಬೀಳುತ್ತಿತ್ತು. ಹನ್ನೆರಡೂಮುಕ್ಕಾಲು ಕೋಟಿ ಜನರ ದೇಶದಲ್ಲಿ ಐದು ಸಾವಿರ ಮಂದಿ ಮನಸ್ಸು ಮಾಡಿದರೆ ಒಂದು ಸರಣಿ ಬದುಕುತ್ತಿತ್ತು.

ಊರ ಜಾತ್ರೆಯ ಅನ್ನಸಂತರ್ಪಣೆ ನೋಡಿದ್ದೀರಲ್ಲ. ಪಂಕ್ತಿಯಲ್ಲಿ ಕೂರುವವರು ಮೂರು ಸಾವಿರ, ಅಕ್ಕಿ ಬೇಳೆ ಬೆಲ್ಲ ಕೊಡಿಸುವವರು ಹತ್ತು ಮನೆ. ಉಂಡವರ್‍ಯಾರೂ ಯಾರು ಕೊಡಿಸಿದರು ಅಂತ ವಿಚಾರಿಸುವುದಿಲ್ಲ. ಕೊಡಿಸಿದ ಹತ್ತು ಮನೆಗೆ ಸಿಗುವುದು ಫಲಕದ ಮೇಲೊಂದು ಹೆಸರು, ಪ್ರಸಾದದ ತೆಂಗಿನಕಾಯಿ. ಅನಿಮೆ ಡಿಸ್ಕು ಹೀಗೆ ಸೇವೆ ಬರೆಸಿದವರಿಗೆ ಸಿಗುತ್ತಿದ್ದ ಪ್ರಸಾದ. ಅದನ್ನು ಸರಕು ಅಂದುಕೊಂಡು ನೋಡಿದರೆ ಆ ಬೆಲೆ ಹುಚ್ಚುತನವಾಗಿಯೇ ಕಾಣುತ್ತದೆ.

ಡಿಸ್ಕಿಗೂ ಮುಂಚೆ ಈ ಊಟವನ್ನು ಯಾರು ಹಾಕುತ್ತಿದ್ದರು? ಸ್ವಲ್ಪ ಹಿಂದಕ್ಕೆ ಹೋಗೋಣ.

1963ರ ಜನವರಿ 1ರಂದು ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ಅವರ 'ತೆತ್ಸುವಾನ್ ಆಟೊಮು' ಫುಜಿ ಟೀವಿಯಲ್ಲಿ ಶುರುವಾಯಿತು. ಹೊರಗಿನವರು 'ಆಸ್ಟ್ರೊ ಬಾಯ್' ಅನ್ನುವುದು ಇದನ್ನೇ. ಟೀವಿಯವರು ಕೊಡುತ್ತಿದ್ದ ದುಡ್ಡಿಗೆ ಕಂತು ತಯಾರಾಗುತ್ತಿರಲಿಲ್ಲ, ಹೆಚ್ಚೇ ಬೀಳುತ್ತಿತ್ತು. ತೆಜುಕಾ ಗೊತ್ತಿದ್ದೂ ಒಪ್ಪಿಕೊಂಡರು. ಪ್ರಾಯೋಜಕರು ಮೇಜಿ ಕಂಪನಿ, ಮಿಠಾಯಿಯವರು. ಅವರ ಬಣ್ಣಬಣ್ಣದ ಗುಂಡಿಯಂಥ ಚಾಕೊಲೇಟ್ ಕೊಂಡರೆ ಜೊತೆಗೆ ಆಟೊಮುವಿನ ಅಂಟುಚೀಟಿ. ಮಕ್ಕಳು ಚೀಟಿಗಾಗಿ ಚಾಕೊಲೇಟ್ ತಿಂದರು. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ. ಚಿತ್ರಕ್ಕೆ ಸಾಲದ ದುಡ್ಡನ್ನು ಚಿತ್ರದ ಸುತ್ತಲಿನ ಸಾಮಾನಿನಿಂದ ತುಂಬಿಸಿಕೊಳ್ಳುವ ರೂಢಿ ಅಲ್ಲಿಂದ ಬೇರೂರಿತು. ತೆಜುಕಾ ಕಟ್ಟಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು ಅನ್ನುವುದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಎಪ್ಪತ್ತರ ದಶಕದಲ್ಲಿ ಮಿಠಾಯಿಯವರ ಜಾಗಕ್ಕೆ ಆಟಿಕೆಯವರು ಬಂದರು. 1979ರ 'ಗುಂಡಮ್' ಎಂಬ ಯಂತ್ರಮಾನವರ ಸರಣಿ ಆಟಿಕೆ ಮಾರಾಟ ಕೈಕೊಟ್ಟಿತು ಅಂತ 43 ಕಂತಿಗೇ ಮುಗಿಯಿತು. ಮರುವರ್ಷ ಬಂಡಾಯ್ ಕಂಪನಿ ಅದೇ ಯಂತ್ರಮಾನವರನ್ನು ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಮಾದರಿಯಾಗಿ 300 ಯೆನ್‌ಗೆ ಬಿಟ್ಟಿತು. ಅಂಗಡಿ ಮುಂದೆ ಸಾಲು ಹಚ್ಚಿದರು. ಕತೆ ನೋಡುವವರಲ್ಲಿ ಮಕ್ಕಳು ಮಾತ್ರವಲ್ಲ, ಜೇಬಿನಲ್ಲಿ ದುಡ್ಡಿರುವ ಹದಿಹರೆಯದವರೂ ಇದ್ದಾರೆ ಅನ್ನುವುದು ಉದ್ಯಮಕ್ಕೆ ಆಗ ಹೊಳೆಯಿತು.

ಇದಾಗಿ ಮೂರೇ ವರ್ಷಕ್ಕೆ, 1983ರ ಡಿಸೆಂಬರಿನಲ್ಲಿ, 'ದಾರೊಸು' ಎಂಬ ಸರಣಿ ಟೀವಿಗೂ ಹೋಗದೆ ಟಾಕೀಸಿಗೂ ಹೋಗದೆ ನೇರ ವಿಡಿಯೊ ಕ್ಯಾಸೆಟ್ಟಾಗಿ ಅಂಗಡಿಗೆ ಬಂತು. ನಿರ್ದೇಶಕರು ಒಶಿಯಿ ಮಮೊರು. ಅದರಲ್ಲಿ ಟೀವಿಯವನಿಗೆ ಕೆಲಸವಿರಲಿಲ್ಲ. ನೋಡುವವನ ದುಡ್ಡು ಸುತ್ತಲಿನ ಸಾಮಾನಿಗೆ ಹೋಗದೆ ಚಿತ್ರಕ್ಕೇ ಬಂತು. ಎಂಬತ್ತರ ದಶಕದ ಉಬ್ಬರದಲ್ಲಿ ಇಂಥ ನೇರ ಕ್ಯಾಸೆಟ್ಟುಗಳು ನೂರಾರು ಬಂದವು. ಬೆಲೆ ದುಬಾರಿ, ಒಂದೊಂದು ಹತ್ತು ಸಾವಿರ ಯೆನ್‌ನ ಆಸುಪಾಸು. ಬಾಡಿಗೆ ಅಂಗಡಿಗಳೇ ಕೊಳ್ಳುತ್ತಿದ್ದದ್ದರಿಂದ ನಡೆಯಿತು. ನಾನು ತೋರಿಸಿದ ಡಬ್ಬಿಯ ಬೆಲೆಯ ಬೇರು ಅಲ್ಲಿದೆ. ಬಾಡಿಗೆ ಅಂಗಡಿಯವನ ಗಲ್ಲಾಪೆಟ್ಟಿಗೆ ನೋಡಿ ಇಟ್ಟ ಬೆಲೆ, ಮುಂದೆ ಮನೆಗೆ ಕೊಳ್ಳುವವನ ತಲೆಗೂ ಬಂತು.

ನಂತರ 1995ರ ಟೀವಿ ಸರಣಿ 'ಇವ್ಯಾಂಜೆಲಿಯನ್'. ಕತೆಯ ಬಗ್ಗೆ ಮಾತಾಡಲು ಕೂತರೆ ರಾತ್ರಿಯಾಗುತ್ತದೆ, ಬಿಡಿ. ದುಡ್ಡಿನ ಮಟ್ಟಿಗೆ ಅದು ತೋರಿಸಿಕೊಟ್ಟದ್ದು ಒಂದು ದಾರಿ: ನಾಲ್ಕೈದು ಕಂಪನಿಗಳು ಪಾಲು ಹಾಕಿ 'ನಿರ್ಮಾಣ ಸಮಿತಿ' ಕಟ್ಟುವುದು, ಟೀವಿಯಲ್ಲಿ ಬಿಟ್ಟು ಹೆಸರು ಮಾಡುವುದು, ಮನೆ ವಿಡಿಯೊದಲ್ಲಿ, ಅಂದರೆ ಕ್ಯಾಸೆಟ್ಟು ಡಿಸ್ಕುಗಳಲ್ಲಿ, ದುಡ್ಡು ಎತ್ತುವುದು. ಈ ದಾರಿ ಹಿಡಿದು ತೊಂಬತ್ತರ ಕೊನೆಯ ಹೊತ್ತಿಗೆ ನಡುರಾತ್ರಿಯ ಅನಿಮೆ ಹುಟ್ಟಿಕೊಂಡಿತು. ಜಪಾನಿನ ಟೀವಿ ಪಟ್ಟಿಯಲ್ಲಿ '25:30' ಅಂತ ಬರೆದಿರುತ್ತಾರೆ. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ರಾತ್ರಿ ಒಂದೂವರೆ ಅಂತ ಅರ್ಥ. ಮಲಗದವನಿಗೆ ದಿನ ಇನ್ನೂ ಮುಗಿದಿಲ್ಲವಲ್ಲ.

ಆ ಹೊತ್ತಿನ ಜಾಗಕ್ಕೆ ದುಡ್ಡು ಕೊಡುತ್ತಿದ್ದದ್ದು ಟೀವಿಯವರಲ್ಲ, ಸಮಿತಿಯವರು. ಬೆಳಗಿನ ಜಾವ ನಮ್ಮ ಚಾನೆಲ್ಲುಗಳಲ್ಲಿ ಜ್ಯೋತಿಷ್ಯದವರು ಸಮಯ ಕೊಂಡು ಕೂರುತ್ತಾರಲ್ಲ, ಹಾಗೇ. ಅವರು ಹರಳಿನುಂಗುರ ಮಾರುತ್ತಾರೆ, ಇವರು ಡಿಸ್ಕು ಮಾರುತ್ತಿದ್ದರು. ಇಪ್ಪತ್ನಾಲ್ಕು ನಿಮಿಷದ ಕಂತೇ ಜಾಹೀರಾತು. 1996ರಲ್ಲಿ ಡಿ.ವಿ.ಡಿ. ಬಂತು, 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಆಟದ ಪೆಟ್ಟಿಗೆಯ ನೆಪದಲ್ಲಿ ಡಿ.ವಿ.ಡಿ. ಪ್ಲೇಯರನ್ನು ಹುಡುಗರ ಕೋಣೆಯೊಳಕ್ಕೆ ತಂದಿಟ್ಟಿತು. ಜಪಾನ್ ಅನಿಮೇಷನ್ ಸಂಘದ ವಾರ್ಷಿಕ ವರದಿಯ ಪ್ರಕಾರ ಮನೆ ವಿಡಿಯೊ ವ್ಯಾಪಾರ ತುತ್ತತುದಿ ಮುಟ್ಟಿದ್ದು 2005ರಲ್ಲಿ, ಸುಮಾರು 13,900 ಕೋಟಿ ಯೆನ್.

ಆ ಡಬ್ಬಿ ಈಗ ಯಾರ ಕೈಯಲ್ಲಿದೆ? ಪುಸ್ತಿಕೆ ತೆಗೆಯಿರಿ. ಅದರ ಹಿಂದೆ ಒಂದು ಪುಟ್ಟ ಮುದ್ರಿತ ಚೀಟಿ ಇದೆ. ಧ್ವನಿ ನೀಡಿದ ಕಲಾವಿದರು ವೇದಿಕೆಗೆ ಬರುವ ಕಾರ್ಯಕ್ರಮದ ಟಿಕೆಟ್ಟಿಗೆ ಅರ್ಜಿ ಹಾಕುವ ಚೀಟಿ ಅದು. ಟಿಕೆಟ್ ಅಲ್ಲ, ಟಿಕೆಟ್ ಕೊಳ್ಳಲು ಲಾಟರಿಯಲ್ಲಿ ಹೆಸರು ಸೇರಿಸುವ ಹಕ್ಕು. ಒಂದು ಡಬ್ಬಿಗೆ ಒಂದು ಅರ್ಜಿ. ಹೆಚ್ಚು ಅರ್ಜಿ ಬೇಕಾದವರು ಎರಡು, ಮೂರು, ಐದು ಡಬ್ಬಿ ಕೊಳ್ಳುತ್ತಿದ್ದರು. ಅಂಗಡಿಗಳದ್ದು ಬೇರೆ ಆಟ. ಈ ಅಂಗಡಿಯಲ್ಲಿ ಕೊಂಡರೆ ನಾಯಕಿಯ ಚಿತ್ರದ ಬಟ್ಟೆ, ಆ ಅಂಗಡಿಯಲ್ಲಿ ಕೊಂಡರೆ ಅವಳ ಗೆಳತಿಯದು. ಅಕಿಹಬಾರದಲ್ಲಿ ಒಂದೇ ಬೀದಿಯ ನಾಲ್ಕು ಅಂಗಡಿಯ ಮುಂದೆ ನಾಲ್ಕು ಬೇರೆ ಚಿತ್ರ ನೇತುಹಾಕಿರುತ್ತಿದ್ದರು. ಇಂಥ ಹುಚ್ಚರನ್ನು ನೋಡಿ ನಾನು ಆಗ ನಗುತ್ತಿದ್ದೆ.

ಡಿಸ್ಕಿಗೆ ಒಂದು ನಿಜವಾದ ಉಪಯೋಗವೂ ಇತ್ತು. ಟೀವಿಯಲ್ಲಿ ಬಂದದ್ದು ಎಷ್ಟೋ ಸಲ ಅರೆಬೆಂದ ಅಡುಗೆ. ಗಡುವಿಗೆ ಓಡಿ ಮುಗಿಸಿದ ಚಿತ್ರ. 2006ರಲ್ಲಿ ಒಂದು ಸರಣಿಯ ಅಡುಗೆಮನೆ ದೃಶ್ಯದಲ್ಲಿ ಎಲೆಕೋಸು ಹೆಚ್ಚುತ್ತಾರೆ. ಕೋಸು ಅನ್ನುವುದು ನಯವಾದ ಹಸಿರು ಚೆಂಡು! ಎಲೆಯಿಲ್ಲ, ನರವಿಲ್ಲ. ದೇಶವೆಲ್ಲ ನಕ್ಕಿತು, 'ಕ್ಯಾಬೇಜು' ಅನ್ನುವ ಪದವೇ ಕೆಟ್ಟ ಚಿತ್ರಕ್ಕೆ ಪರ್ಯಾಯವಾಯಿತು. ಡಿ.ವಿ.ಡಿ.ಗೆ ಬರುವಾಗ ಕೋಸನ್ನು ಎಲೆ ಎಲೆಯಾಗಿ ಮತ್ತೆ ಬರೆದರು. ಡಿಸ್ಕು ಬರುವ ತನಕ ಕೃತಿ ಮುಗಿದಿಲ್ಲ ಅಂತ ಚಿತ್ರಕಾರರೂ ಅಭಿಮಾನಿಗಳೂ ತಿಳಿದಿದ್ದರು. ಅಭಿಮಾನಿಗಳ ಭಾಷೆಯಲ್ಲಿ ಡಿಸ್ಕಿನ ಹೆಸರು 'ಎನ್‌ಬಾನ್', ದುಂಡು ತಟ್ಟೆ. ಯಾವ ತಟ್ಟೆ ಮೊದಲ ವಾರ ಎಷ್ಟು ಹೋಯಿತು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಲೆಕ್ಕ ಇಡುತ್ತಿದ್ದರು. ಎರಡನೆಯ ಭಾಗ ಬರುತ್ತದೋ ಇಲ್ಲವೋ ಅನ್ನುವ ಜಗಳ ಅದರ ಮೇಲೆ.

ಸರಿ, ಇಳಿತಕ್ಕೆ ಬರೋಣ. 2015ರ ಹೊತ್ತಿಗೆ 13,900 ಕೋಟಿ ಯೆನ್ ಇದ್ದದ್ದು 9,300 ಕೋಟಿಗೆ ಇಳಿಯಿತು. 2018ಕ್ಕೆ 5,900 ಕೋಟಿ. ಹದಿಮೂರು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ.

ಕಳ್ಳಪ್ರತಿಯೇ ಕಾರಣ ಅನ್ನುವುದು ಸುಲಭದ ಉತ್ತರ. ಅಮೆರಿಕದ ಮಟ್ಟಿಗೆ ಅದರಲ್ಲಿ ಹುರುಳಿದೆ. ಅಭಿಮಾನಿಗಳು ತಾವೇ ಅಡಿಬರಹ ಹಾಕಿ ಜಾಲಕ್ಕೆ ಬಿಡುತ್ತಿದ್ದರು. ಬೆಂಗಳೂರಿನ ಪಿ.ಜಿ. ಕೋಣೆಗಳಲ್ಲಿ ನಾವೂ ಅದನ್ನೇ ನೋಡಿ ಬೆಳೆದವರು, ಮಡಿವಂತರ ಹಾಗೆ ಮಾತಾಡಲು ನನಗೆ ಬಾಯಿಲ್ಲ. ಅಮೆರಿಕದಲ್ಲಿ ಡಿ.ವಿ.ಡಿ. ಅಂಗಡಿಗಳ ದೊಡ್ಡ ಸರಪಳಿ ಮ್ಯೂಸಿಕ್‌ಲ್ಯಾಂಡ್ 2006ರಲ್ಲಿ ದಿವಾಳಿ ಅರ್ಜಿ ಹಾಕಿತು. 2007ರಲ್ಲಿ ಅನಿಮೆ ಡಿಸ್ಕು ಮಾರುತ್ತಿದ್ದ ಜೆನಿಯಾನ್‌ನ ಅಮೆರಿಕ ಶಾಖೆ ಕೈಚೆಲ್ಲಿತು, 2009ರಲ್ಲಿ ಅದೇ ವ್ಯಾಪಾರದ ಎ.ಡಿ.ವಿ. ಫಿಲ್ಮ್ಸ್ ಮುಚ್ಚಿತು. ಜಪಾನಿನಲ್ಲಿ ಎರಡು ಕಂತಿಗೆ ಏಳು ಸಾವಿರ ಯೆನ್ ಇದ್ದಾಗ ಅಮೆರಿಕದಲ್ಲಿ ಅಷ್ಟಕ್ಕೆ ಇಡೀ ಸರಣಿಯೇ ಬರುತ್ತಿತ್ತು. ಡಿ.ವಿ.ಡಿ.ಯ ಮುಂದಿನ ಪೀಳಿಗೆಯ ಡಿಸ್ಕು ಬ್ಲೂ-ರೇ ಬಂದಾಗ ಜಪಾನ್, ಅಮೆರಿಕ ಎರಡೂ ಒಂದೇ ವಲಯಕ್ಕೆ ಸೇರಿದವು, ಅಮೆರಿಕದ ಡಿಸ್ಕು ಜಪಾನಿನಲ್ಲೂ ಓಡುತ್ತದೆ. ತಮ್ಮ ಅಗ್ಗದ ಸರಕು ತಮ್ಮ ಮನೆಗೇ ವಾಪಸ್ಸು ಬಂದೀತು ಅಂತ ಜಪಾನಿನ ಕಂಪನಿಗಳಿಗೆ ನಿದ್ದೆ ಬರಲಿಲ್ಲ.

ಜಪಾನಿನೊಳಗಿನ ಕತೆ ಬೇರೆ. ಅಲ್ಲಿ ಕೊಳ್ಳುತ್ತಿದ್ದವರಿಗೆ ಪುಕ್ಕಟೆ ನೋಡಲು ಮೊದಲಿನಿಂದಲೂ ದಾರಿ ಇತ್ತು, ಆದರೂ ಕೊಳ್ಳುತ್ತಿದ್ದರು. ಬದಲಾದದ್ದು ಪ್ರಸಾದ ಹಂಚುವ ಜಾಗ. 2012ರ ಜುಲೈನಲ್ಲಿ ಮೊಬೈಲ್ ಕಂಪನಿ ಡೊಕೊಮೊದವರು ತಿಂಗಳಿಗೆ 400 ಯೆನ್‌ಗೆ ಅನಿಮೆ ತೋರಿಸುವ ಸೇವೆ ಶುರು ಮಾಡಿದರು. 2015ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸೂ ಅಮೆಜಾನಿನ ವಿಡಿಯೊ ಸೇವೆಯೂ ಒಂದೇ ತಿಂಗಳು ಬಂದಿಳಿದವು. ಮೊಬೈಲ್ ಆಟಗಳು ಬಂದವು, ಪಾತ್ರದ ಚಿತ್ರ ಬೀಳುವ ತನಕ ಚೀಟಿ ಎತ್ತುತ್ತಲೇ ಇರುವ ಆಟ. ಡಿಸ್ಕಿಗೆ ಹೋಗುತ್ತಿದ್ದ ತಿಂಗಳ ಹತ್ತು ಸಾವಿರ ಯೆನ್ ಅಲ್ಲಿಗೆ ತಿರುಗಿತು. ಅಭಿಮಾನ ಇಳಿಯಲಿಲ್ಲ, ಬೇರೆ ಕಡೆ ಹರಿಯಿತು. ನೀವೇ ಟೋಕಿಯೊದ ಇಕೆಬುಕುರೊಗೆ ಹೋಗಿ ನೋಡಿ. ಹುಡುಗಿಯರ ಹೆಗಲ ಚೀಲದ ಒಂದು ಮಗ್ಗುಲು ಪಾರದರ್ಶಕ ಪ್ಲಾಸ್ಟಿಕ್, ಅದರೊಳಗೆ ಒಂದೇ ಪಾತ್ರದ ತಗಡಿನ ಬಿಲ್ಲೆ ಮೂವತ್ತು ನಲವತ್ತು, ಮೀನಿನ ಹುರುಪೆಯಂತೆ ಸಾಲಾಗಿ ಚುಚ್ಚಿರುತ್ತಾರೆ. ಅದಕ್ಕೆ 'ಇತಾ-ಬಗ್ಗು' ಅಂತ ಹೆಸರು, ನೋವಿನ ಚೀಲ. ನೋಡುವವರಿಗೆ ನೋವೋ ಜೇಬಿಗೆ ನೋವೋ ಅಂತ ಒಬ್ಬಳನ್ನು ಕೇಳಿದ್ದೆ. ಎರಡೂ ಅಂದಳು. ಆ ಚೀಲದ ಬೆಲೆಗೆ ಎರಡು ಮೂರು ಡಿಸ್ಕು ಬರುತ್ತಿದ್ದವು.

ಹಾಗಾದರೆ ಉದ್ಯಮ ಮುಳುಗಬೇಕಿತ್ತಲ್ಲ? ಮುಳುಗಲಿಲ್ಲ, ಉಬ್ಬಿತು. ಡಿಸ್ಕು ಅರ್ಧಕ್ಕಿಳಿದ ಅದೇ ವರ್ಷಗಳಲ್ಲಿ ಟೀವಿ ಅನಿಮೆಯ ಸಂಖ್ಯೆ ವರ್ಷಕ್ಕೆ ಮುನ್ನೂರು ದಾಟಿತು. ಚೀನಾದ ವಿಡಿಯೊ ತಾಣಗಳು ದುಡ್ಡು ಸುರಿದು ಹಕ್ಕು ಕೊಂಡವು. ಕಳ್ಳ ವಿಡಿಯೊಗಳಿಂದಲೇ ಶುರುವಾಗಿದ್ದ ಅಮೆರಿಕದ ಅನಿಮೆ ತಾಣ ಕ್ರಂಚಿರೋಲ್ 2009ರಲ್ಲಿ ಟೀವಿ ಟೋಕಿಯೊದ ಜೊತೆ ಒಪ್ಪಂದ ಮಾಡಿಕೊಂಡು ಸಾಚಾ ಆಯಿತು. 2021ರಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರಿಗೆ ಕೊಂಡಿತು. 2020ರಲ್ಲಿ ಮೊದಲ ಬಾರಿ ಹೊರದೇಶದ ಗಳಿಕೆ ಜಪಾನಿನ ಒಳಗಿನ ಗಳಿಕೆಯನ್ನು ಮೀರಿತು. 2023ರ ಒಟ್ಟು ಲೆಕ್ಕ 3.34 ಲಕ್ಷ ಕೋಟಿ ಯೆನ್.

ಈ ಅಂಕಿ ಪತ್ರಿಕೆಯ ತಲೆಬರಹದಲ್ಲಿ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದು ಜಗತ್ತಿನ ಜನ ಅನಿಮೆಯ ಹೆಸರಿನಲ್ಲಿ ಕೈಯಿಂದ ಬಿಟ್ಟ ದುಡ್ಡು. ತಗಡಿನ ಬಿಲ್ಲೆ, ಟಿಕೆಟ್ಟು, ಅನಿಮೆ ಪಾತ್ರಗಳ ಜೂಜಿನ ಯಂತ್ರ, ಎಲ್ಲ ಸೇರಿದ ಮೊತ್ತ. ಅನಿಮೆ ಸ್ಟುಡಿಯೊಗಳ ಕೈಗೆ ಬಂದದ್ದನ್ನು ಅದೇ ಅನಿಮೇಷನ್ ಸಂಘ ಬೇರೆ ಲೆಕ್ಕದಲ್ಲಿ ಕೊಡುತ್ತದೆ. 2018ರಲ್ಲಿ ದೊಡ್ಡ ಲೆಕ್ಕ 2.18 ಲಕ್ಷ ಕೋಟಿ ಇದ್ದಾಗ ಇದು ಹತ್ತರಲ್ಲಿ ಒಂದು ಪಾಲಿನ ಆಸುಪಾಸಿತ್ತು.

ಯಾಕೆ ಹೀಗೆ ಅನ್ನುವುದಕ್ಕೆ ಜಪಾನಿ ಭಾಷೆಯಲ್ಲೇ ಒಂದು ಸೊಗಸಾದ ಉತ್ತರ ಇದೆ. 'ಸೇಸಾಕು' ಅನ್ನುವ ಪದ ಅಲ್ಲಿ ಎರಡು ರೀತಿ ಬರೆಯುತ್ತಾರೆ. ಉಚ್ಚಾರ ಒಂದೇ, ಅರ್ಥ 'ನಿರ್ಮಾಣ'. ಒಂದು ಬರಹದಲ್ಲಿ ಮೊದಲ ಅಕ್ಷರದ ಕೆಳಗೆ ಬಟ್ಟೆ ಅನ್ನುವ ಅರ್ಥದ ಚಿಹ್ನೆ ಇದೆ, ಇನ್ನೊಂದರಲ್ಲಿ ಇಲ್ಲ. ಬಟ್ಟೆ ಇರುವುದು ದುಡ್ಡು ಹಾಕುವವರ ನಿರ್ಮಾಣ. ಬಟ್ಟೆ ಇಲ್ಲದ್ದು ಕೂತು ಚಿತ್ರ ಬರೆಯುವವರ ನಿರ್ಮಾಣ. ನಾನು ವಿವರಿಸುವ ಅಗತ್ಯವಿಲ್ಲ.

ಸಮಿತಿಯಲ್ಲಿ ಯಾರಿರುತ್ತಾರೆ? ಮೂಲ ಕತೆಯ ಪ್ರಕಾಶಕರು, ಟೀವಿಯವರು, ಡಿಸ್ಕಿನವರು, ಹಾಡಿನವರು, ಜಾಹೀರಾತು ಕಂಪನಿ, ಆಟಿಕೆಯವರು. ನಷ್ಟವಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ. ಲಾಭವಾದರೆ ಹಾಕಿದ ಪಾಲಿನಂತೆ, ಮೇಲಾಗಿ ಅವರವರ ಅಂಗಡಿಯ ವ್ಯಾಪಾರದ ಕಮಿಷನ್ನು ಬೇರೆ. ಸ್ಟುಡಿಯೊದ ಹತ್ತಿರ ಹಾಕಲು ದುಡ್ಡಿಲ್ಲದಿದ್ದರೆ ಅದು ಸಮಿತಿಯಲ್ಲಿರುವುದಿಲ್ಲ. ಮನೆ ಕಟ್ಟಿದ ಮೇಸ್ತ್ರಿಗೆ ಕೂಲಿ ಕೊಟ್ಟ ಹಾಗೆ ಒಂದು ಮೊತ್ತ ಕೊಟ್ಟು ಕಳಿಸುತ್ತಾರೆ. ಮನೆಯ ಬಾಡಿಗೆ ಎಷ್ಟಕ್ಕೇರಿದರೂ ಮೇಸ್ತ್ರಿಗೇನು?

ಈ ಏರ್ಪಾಡನ್ನು ಬೈಯುವುದು ಸುಲಭ, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. ಈ ಸಮಿತಿಗಳಿಲ್ಲದಿದ್ದರೆ ವಿಚಿತ್ರ ಕತೆಗಳಲ್ಲಿ ಮುಕ್ಕಾಲುಪಾಲು ಹುಟ್ಟುತ್ತಲೇ ಇರಲಿಲ್ಲ. ಒಬ್ಬನೇ ಸಾಹುಕಾರ ಅಷ್ಟು ಅಪಾಯ ಹೊರುವುದಿಲ್ಲ. ಸಮಿತಿಯನ್ನು ಬಿಟ್ಟು ನಡೆದವರೂ ಇದ್ದಾರೆ. ಮಾಪ್ಪಾ ಸ್ಟುಡಿಯೊ 2022ರಲ್ಲಿ 'ಚೈನ್ಸಾ ಮ್ಯಾನ್' ಸರಣಿಗೆ ಪೂರ್ತಿ ತನ್ನದೇ ದುಡ್ಡು ಹಾಕಿತು. ಜಗತ್ತೆಲ್ಲ ನೋಡಿತು. ಅದರ ಮೊದಲ ಡಿಸ್ಕು ಜಪಾನಿನಲ್ಲಿ ಮೊದಲ ವಾರ ಹೋದದ್ದು ಎರಡು ಸಾವಿರಕ್ಕೂ ಕಡಿಮೆ. ಹತ್ತು ವರ್ಷ ಹಿಂದಾಗಿದ್ದರೆ 'ಸತ್ತಿತು' ಅಂತ ಷರಾ ಬರೆಯುತ್ತಿದ್ದರು. ಅದಕ್ಕೆ 2025ರಲ್ಲಿ ಸಿನಿಮಾ ಬಂತು.

ಮೇಸ್ತ್ರಿಯ ಕೆಳಗಿನ ಕೂಲಿಯವರನ್ನೂ ನೋಡೋಣ. ಒಂದು ಚಲನೆಯ ಮುಖ್ಯ ಭಂಗಿಗಳನ್ನು ಹಿರಿಯರು ಬರೆಯುತ್ತಾರೆ, ಅವುಗಳ ನಡುವಿನ ಚಿತ್ರಗಳನ್ನು ಹೊಸಬರು ತುಂಬುತ್ತಾರೆ. 'ದೋಗಾ' ಅಂತ ಅದರ ಹೆಸರು, ನಾವು ನಡುಚಿತ್ರ ಅನ್ನೋಣ. ನಾಯಕಿ ತಲೆ ತಿರುಗಿಸಿದಳು ಅಂದರೆ ಮೊದಲ ಭಂಗಿ, ಕೊನೆಯ ಭಂಗಿ ಹಿರಿಯರದು. ಕೂದಲು ಒಂದು ಕ್ಷಣ ತಡವಾಗಿ ಹಿಂಬಾಲಿಸುವುದು, ಕಣ್ಣು ಮುಖಕ್ಕಿಂತ ಮೊದಲೇ ಹೊರಳುವುದು, ಇದು ನಡುಚಿತ್ರದವನ ಕೈ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಒಂದರ ಮೇಲೊಂದು ಹಾಳೆ, ಬೆರಳ ಸಂದಿಯಲ್ಲಿ ಹಿಡಿದು ಮಗುಚುತ್ತಾ ಬರೆಯಬೇಕು. ಒಂದು ಚಿತ್ರಕ್ಕೆ ಇನ್ನೂರು ಯೆನ್ ಚಿಲ್ಲರೆ. ತಿಂಗಳಿಗೆ ಐನೂರು ಚಿತ್ರ ಬರೆದರೆ ಒಂದು ಲಕ್ಷ ಯೆನ್. ಚಿತ್ರಕಾರರ ಸಂಘ ಜಾನಿಕಾ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಡುಚಿತ್ರದವರ ಸರಾಸರಿ ವಾರ್ಷಿಕ ಗಳಿಕೆ 12.5 ಲಕ್ಷ ಯೆನ್ ಅಂತಿದೆ, ಅದೇ ಲೆಕ್ಕ. ಟೋಕಿಯೊದಲ್ಲಿ ಅದರ ಅರ್ಧ ಕೋಣೆಯ ಬಾಡಿಗೆಗೇ ಹೋಗುತ್ತದೆ. ಚಿತ್ರಕಾರರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡು, ತನ್ನದೇ ಕಾದಂಬರಿ ಪ್ರಕಾಶನ ನಡೆಸಿ, ಹಕ್ಕನ್ನೂ ಕೈಯಲ್ಲಿಟ್ಟುಕೊಂಡ ಕ್ಯೋಟೊ ಅನಿಮೇಷನ್ ಇದಕ್ಕೆ ಅಪವಾದ. ಡಿಸ್ಕು ಚೆನ್ನಾಗಿ ಓಡುತ್ತಿದ್ದ ವರ್ಷಗಳಲ್ಲಿ ಬೇರೆಯವರೂ ಆ ದಾರಿ ಹಿಡಿಯಬಹುದಿತ್ತು ಅನ್ನುವುದು ನನ್ನ ಅನಿಸಿಕೆ. ಹಿಡಿದವರು ಬೆರಳೆಣಿಕೆಯಷ್ಟು.

ಡಿಸ್ಕು ಹೋದದ್ದರಿಂದ ಇವರಿಗೇನಾಯಿತು? ಅಂಥ ದೊಡ್ಡ ವ್ಯತ್ಯಾಸ ಆಗಲಿಲ್ಲ. ಡಿಸ್ಕಿನ ದುಡ್ಡೂ ಇವರ ಮೇಜಿಗೆ ಬಂದಿರಲಿಲ್ಲ, ಹೊರದೇಶದ ದುಡ್ಡೂ ಸುಲಭಕ್ಕೆ ಬರುತ್ತಿಲ್ಲ. ಕಳೆದುಹೋದದ್ದು ಬೇರೆ. ಮೊದಲು ಒಂದು ಕತೆಯ ಹಣೆಬರಹ ಬರೆಯುತ್ತಿದ್ದವರು ಅದನ್ನು ಎದೆಗೆ ಹಚ್ಚಿಕೊಂಡ ಐದು ಸಾವಿರ ಮಂದಿ. ಹತ್ತು ಲಕ್ಷ ಜನಕ್ಕೆ ಅರ್ಥವಾಗದಿದ್ದರೂ ನಡೆಯುತ್ತಿತ್ತು. ಈಗ ಹತ್ತಾರು ದೇಶದಲ್ಲಿ ಸ್ವಲ್ಪ ಸ್ವಲ್ಪ ಎಲ್ಲರಿಗೂ ಹಿಡಿಸಬೇಕು, ಮೊದಲ ಕಂತಿನಲ್ಲೇ ಹಿಡಿಸಬೇಕು. ತಿಂಗಳ ಚಂದಾ ಕೊಟ್ಟವನು ಇಷ್ಟಪಟ್ಟದ್ದಕ್ಕೂ ಸುಮ್ಮನೆ ಓಡಿಸಿದ್ದಕ್ಕೂ ಕೊಡುವ ದುಡ್ಡು ಒಂದೇ. ಏಳು ಸಾವಿರ ಕೊಟ್ಟವನು ಹಾಗಲ್ಲ. 'ನನಗೆ ಇದೇ ಬೇಕು' ಅಂತ ಹೇಳಲು ಅವನಿಗೊಂದು ದಾರಿ ಇತ್ತು. ಅತಿಯಾದ ದಾರಿ, ಬಡವರಿಗೆ ಸಿಗದ ದಾರಿ, ಒಪ್ಪುತ್ತೇನೆ.

ಡಿಸ್ಕು ಪೂರ್ತಿ ಸತ್ತಿಲ್ಲ. 2020ರ 'ಡೀಮನ್ ಸ್ಲೇಯರ್' ಸಿನಿಮಾ ಜಪಾನಿನ ಟಾಕೀಸುಗಳಲ್ಲೇ ನಾಲ್ಕು ಸಾವಿರ ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು, ಮರುವರ್ಷ ಅದರ ಡಿಸ್ಕು ಕೆಲವೇ ದಿನದಲ್ಲಿ ಹತ್ತು ಲಕ್ಷ ಹೋಯಿತು. ಅಂಥದ್ದು ಅಪರೂಪ. ನನಗೆ ಅದಕ್ಕಿಂತ ಕುತೂಹಲದ್ದು 2021ರ 'ಉಮಾಮುಸುಮೆ', ಓಟದ ಕುದುರೆಗಳು ಹುಡುಗಿಯರಾಗಿ ಹುಟ್ಟಿದ ಕತೆ. ಅದರ ಎರಡನೆಯ ಭಾಗದ ಡಿಸ್ಕು ಲಕ್ಷದ ಮೇಲೆ ಹೋಯಿತು. ಡಬ್ಬಿಯೊಳಗೆ ಅದೇ ಹೆಸರಿನ ಮೊಬೈಲ್ ಆಟದಲ್ಲಿ ಬಳಸುವ ಒಂದು ಸಂಕೇತ ಸಂಖ್ಯೆ ಇತ್ತು. ಸಂಖ್ಯೆ ತೆಗೆದುಕೊಂಡು ಡಿಸ್ಕನ್ನು ಬಿಚ್ಚದೆ ಇಟ್ಟವರು ಎಷ್ಟೋ. ಆಟೊಮುವಿನ ಅಂಟುಚೀಟಿ ನೆನಪಿದೆಯಲ್ಲ? ಆಗ ಚೀಟಿಗಾಗಿ ಚಾಕೊಲೇಟ್ ಕೊಂಡರು, ಈಗ ಚೀಟಿಗಾಗಿ ಚಿತ್ರವನ್ನೇ ಕೊಂಡರು. ಚಿತ್ರವೇ ಚಾಕೊಲೇಟ್ ಆಯಿತು.

ನಮ್ಮ ಕಡೆಯ ಮಾತೊಂದು, ಬೇಗ ಮುಗಿಸುತ್ತೇನೆ. 2025ರ 'ಡೀಮನ್ ಸ್ಲೇಯರ್' ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸುಗಳಿಗೆ ಬಂದಾಗ ದೇಶದಲ್ಲಿ ಅದು ಹಿಂದಿ, ತಮಿಳು, ತೆಲುಗಿನಲ್ಲೂ ಮಾತಾಡಿತು. ಕನ್ನಡದಲ್ಲಿ ಇಲ್ಲ. ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ನಾವೇ ಬಾಗಿಲು ಹಾಕಿಕೊಂಡಿದ್ದೆವು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂದಮೇಲೆ ಬಾಗಿಲು ತೆರೆಯಿತು, ಅಷ್ಟರಲ್ಲಿ ಕನ್ನಡದ ಹುಡುಗರು ಇಂಗ್ಲಿಷ್ ಅಡಿಬರಹಕ್ಕೆ ಒಗ್ಗಿಬಿಟ್ಟಿದ್ದರು. ಹೊರದೇಶದ ಹಕ್ಕಿನಿಂದ ಬದುಕುವ ಉದ್ಯಮ ನೋಡುಗರನ್ನು ಭಾಷೆಯ ಲೆಕ್ಕದಲ್ಲಿ ಎಣಿಸುತ್ತದೆ. ಆ ಎಣಿಕೆಯಲ್ಲಿ ಕನ್ನಡದ ಹೆಸರಿಲ್ಲ.

ಮಾತು ಮುಗಿಸಿದಾಗ ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಸರ್, ಕ್ರಂಚಿರೋಲ್‌ನವರು ಇಲ್ಲಿ ತಿಂಗಳಿಗೆ 79 ರೂಪಾಯಿ ಮಾಡಿದ್ರಲ್ಲ, ಅದರಲ್ಲಿ ಆ ನಡುಚಿತ್ರದವನಿಗೆ ಎಷ್ಟು ಹೋಗುತ್ತೆ?"

ಒಳ್ಳೆಯ ಪ್ರಶ್ನೆ. ಏನೂ ಹೋಗುವುದಿಲ್ಲ. ಆ 79 ರೂಪಾಯಿ ತಾಣಕ್ಕೆ, ಅಲ್ಲಿಂದ ಹಕ್ಕು ಮಾರಿದವರಿಗೆ, ಅಲ್ಲಿಂದ ಸಮಿತಿಗೆ, ಸಮಿತಿಯಿಂದ ಪಾಲುದಾರರಿಗೆ. ನಡುಚಿತ್ರದವನಿಗೆ ಅವನ ಇನ್ನೂರು ಯೆನ್ ಹಾಳೆ ಮೇಜಿನಿಂದ ಎದ್ದಾಗಲೇ ಲೆಕ್ಕವಾಗಿ ಹೋಗಿದೆ, ನೀನು ಕಂತು ನೋಡುವುದಕ್ಕೆ ತಿಂಗಳುಗಳ ಮುಂಚೆ. "ಮತ್ತೆ ಡಿಸ್ಕ್ ಕೊಂಡಿದ್ರೆ?" ಅಂದ. ಆಗಲೂ ಇಲ್ಲಪ್ಪ.

ಅಷ್ಟರಲ್ಲಿ ಡಬ್ಬಿ ಸುತ್ತು ಹಾಕಿ ನನ್ನ ಹತ್ತಿರ ಬಂತು. ತಂದುಕೊಟ್ಟ ಹುಡುಗಿ ಒಳಗಿನ ಚೀಟಿಯನ್ನು ಎತ್ತಿ ತೋರಿಸಿ, "ಇದರ ಮೂಲೆ ಕತ್ತರಿಸಿದ್ದಾರೆ ಸರ್, ನಂಬರ್ ಇದ್ದ ಕಡೆ," ಅಂದಳು. ಹೌದು, ನಾನೇ ಕತ್ತರಿಸಿ ಅರ್ಜಿ ಹಾಕಿದ್ದೆ. ಟಿಕೆಟ್ ಬಂತಾ ಅಂತ ಕೇಳಿದಳು. ಬರಲಿಲ್ಲ. ಇದರದ್ದೂ ಬರಲಿಲ್ಲ, ಮನೆಯ ಕಪಾಟಿನಲ್ಲಿರುವ ಇಂಥದೇ ಇನ್ನೊಂದರದ್ದೂ ಬರಲಿಲ್ಲ.